ಸೀಮಂತದ ರವಿಕೆ ಮತ್ತು ಸುಟ್ಟ ಮುಖ

ನನ್ನ ಹೊಲಿಗೆ ಅಂಗಡಿಯಲ್ಲಿ ಆಳೆತ್ತರದ ಕನ್ನಡಿಯೊಂದಿದೆ. ರವಿಕೆ ಹಾಕಿ ನೋಡುವವರಿಗೆಂದು ತಂದು ನಿಲ್ಲಿಸಿದ್ದು. ಆದರೆ ಮೆಷಿನ್ನು ಅದಕ್ಕೆ ಎದುರಾಗಿಯೇ ಇರುವುದರಿಂದ ದಿನವಿಡೀ ಅದರಲ್ಲಿ ಕಾಣುವವಳು ನಾನೇ. ನಲವತ್ತು ದಾಟಿದ ಮೇಲೆ ನನ್ನ ಎರಡೂ ಕೆನ್ನೆಯ ಮೇಲೆ ಭಂಗಿನ ಕಂದು ಕಲೆ ಹಬ್ಬತೊಡಗಿತು. ನಾನು ಅದನ್ನು ದಿನಕ್ಕೆ ನೂರು ಸಲ ನೋಡುತ್ತಿದ್ದೆ. ಉಳಿದವರು ನೋಡುತ್ತಿಲ್ಲ ಎಂಬ ಸಮಾಧಾನವಿತ್ತು. ಅದೂ ಒಂದು ದಿನ ಹೋಯಿತು. ಅಳತೆ ಕೊಡಲು ಬಂದ ಹೆಂಗಸೊಬ್ಬರು ಟೇಪಿನೊಳಗೆ ಕೈಯೆತ್ತಿ ನಿಂತವರು, ನನ್ನ ಮುಖವನ್ನೇ ನೋಡುತ್ತ, ನಿಜವಾದ ಕನಿಕರದಿಂದ ಕೇಳಿದರು: “ಇಸ್ತ್ರಿ ಪೆಟ್ಟಿಗೆ ತಗುಲ್ತೇನ್ರೀ ಕೆನ್ನೆಗೆ?”

ಆ ರವಿಕೆಯ ತೋಳು ಗಿಡ್ಡವಾಗಿದ್ದಕ್ಕೆ ನಾನು ಹೊಣೆಯಲ್ಲ.

ತಿಪಟೂರಿನಲ್ಲಿ ಚರ್ಮಕ್ಕೆ ಏನೇ ಆದರೂ ಸಿಗುವ ಸಲಹೆ ಒಂದೇ. “ಕೊಬ್ರಿ ಎಣ್ಣೆ ಹಚ್ಚೇ,” ಎಂದರು ಅತ್ತೆ. ಹಿಮ್ಮಡಿ ಒಡೆದರೂ, ಸೊಳ್ಳೆ ಕಚ್ಚಿದರೂ, ಮನಸ್ಸಿಗೆ ಬೇಜಾರಾದರೂ ಅವರು ಹೇಳುವುದು ಅದನ್ನೇ. ಗಂಡನ ತೋಟದ ಕಾಯಿ ನಮ್ಮ ಮನೆಯ ಅಟ್ಟದ ತುಂಬ ಒಣಗುತ್ತ ಕೂತಿರುತ್ತದೆ. ಸೀರೆಗೆ, ಹಾಸಿಗೆಗೆ, ಓದುವ ಪುಸ್ತಕಕ್ಕೆ, ಎಲ್ಲಕ್ಕೂ ಅದರದೇ ವಾಸನೆ. ತೆಂಗಿನಕಾಯಿಗೆ ಸಂಬಂಧವೇ ಇಲ್ಲದ ಒಂದು ವಸ್ತು ನನ್ನ ಮುಖಕ್ಕಾದರೂ ಬೇಕು ಅನ್ನಿಸಿತು.

ಆ ದಿನಗಳಲ್ಲಿ ನನಗೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಬಟ್ಟೆ ಕತ್ತರಿಸುತ್ತ ಅರ್ಧಕ್ಕೇ ಎದ್ದು ಬಾಗಿಲಿಗೆ ಬರುತ್ತಿದ್ದೆ. ಬಾಗಿಲಲ್ಲಿ ನೋಡುವುದೇನೂ ಇಲ್ಲದೆ ಒಳಗೆ ಹೋಗುತ್ತಿದ್ದೆ. ಲೈಬ್ರರಿಯಿಂದ ತಂದ ಪುಸ್ತಕಗಳನ್ನು ನಾಲ್ಕು ಪುಟ ಓದಿ ಮಗುಚಿಡುತ್ತಿದ್ದೆ. ಅಡುಗೆಗೆ ಒಗ್ಗರಣೆ ಇಟ್ಟು ಮೊಬೈಲು ಹಿಡಿಯುತ್ತಿದ್ದೆ. ಏನು ಬೇಕು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮೊಬೈಲಿಗೆ ಮಾತ್ರ ಅದು ಗೊತ್ತಿತ್ತು. ಭಂಗು ತೆಗೆಯುವ ಕೆಂಪು ನೀರಿನ ಸೀಸೆಯೊಂದನ್ನು ಅದು ಎಡೆಬಿಡದೆ ತೋರಿಸಿತು. ನಾನು ತರಿಸಿದೆ.

ಅದು ಬಂದದ್ದು ಅಕ್ಕನ ಮಗಳ ಸೀಮಂತದ ಹಿಂದಿನ ದಿನ. ಇದರಲ್ಲಿ ಆ್ಯಸಿಡ್ ಇದೆ, ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯಬೇಕು, ಹೆಚ್ಚು ಹೊತ್ತು ಬಿಡಬಾರದು ಎಂದು ಅದರ ಮೇಲೆ ಬರೆದಿತ್ತು. ಮಧ್ಯಾಹ್ನ ಊಟಕ್ಕೆ ಅಂಗಡಿಯ ಬಾಗಿಲು ಹಾಕಿ, ಮುಖಕ್ಕೆ ಬಳಿದುಕೊಂಡು, ಹೊತ್ತು ಕಳೆಯಲೆಂದು ಕೈಗೆ ಸಿಕ್ಕ ಪುಸ್ತಕ ತೆರೆದೆ. ಎಷ್ಟೋ ತಿಂಗಳಿಂದ ಐದನೆಯ ಪುಟ ದಾಟದ ನನ್ನನ್ನು ಆ ದಪ್ಪ ಕಾದಂಬರಿ ಅವತ್ತೇ ಹಿಡಿದುಕೊಳ್ಳಬೇಕೇ! ಅದರಲ್ಲಿ ಒಬ್ಬ ಮದುಮಗಳು ಧಾರೆಗೆ ಮುಂಚೆ ಕಾಣೆಯಾಗಿದ್ದಳು. ಊರೆಲ್ಲ ಹುಡುಕುತ್ತಿತ್ತು. ನಾನೂ ಹುಡುಕಿದೆ. ಕೆನ್ನೆ ಚುರುಚುರು ಅಂದಾಗ ಔಷಧಿ ಕೆಲಸ ಮಾಡುತ್ತಿದೆ ಅಂದುಕೊಂಡೆ. ಮದುಮಗಳು ಪಕ್ಕದೂರಿನ ದೊಡ್ಡಮ್ಮನ ಮನೆಯಲ್ಲಿ ಸಿಕ್ಕಳು. ನಾನು ತಲೆಯೆತ್ತಿ ನೋಡಿದರೆ ಕನ್ನಡಿಯಲ್ಲಿ ಕೂತಿದ್ದವಳು ಯಾರೋ ಬೇರೆ.

ಓಡಿ ಹೋಗಿ ತೊಳೆದೆ. ಮುಖ ಬೇಯಿಸಿದ ಬೀಟ್‌ರೂಟಿನ ಹಾಗಾಗಿತ್ತು. ಮನೆಗೆ ಹೋದಾಗ ಅತ್ತೆ ಒಳಗಿಂದ ಕೊಬ್ರಿ ಎಣ್ಣೆಯ ಗಿಂಡಿ ತಂದು ಮುಂದಿಟ್ಟರು, ಅಷ್ಟೆ. ಹಚ್ಚಿಕೊಂಡೆ.

ಬೆಳಿಗ್ಗೆಯ ಹೊತ್ತಿಗೆ ಕೆಂಪಿನ ಜೊತೆ ಅಲ್ಲಲ್ಲಿ ಸಣ್ಣ ಗುಳ್ಳೆಗಳೂ ಎದ್ದಿದ್ದವು. ಹೋಗದೇ ಇರೋಣವೆಂದರೆ ಸೀಮಂತದ ರವಿಕೆ ನನ್ನ ಹತ್ತಿರವೇ ಇತ್ತು. ಹಸಿರು ರೇಷ್ಮೆಯದು. ಸರಿಯಾಗಿಲ್ಲ, ಸರಿಯಾಗಿಲ್ಲ ಎಂದು ಕೊಕ್ಕೆಗಳನ್ನು ಬಿಚ್ಚಿ ಬಿಚ್ಚಿ ಹಾಕುತ್ತ ಕೊನೆಯ ದಿನದವರೆಗೂ ಇಟ್ಟುಕೊಂಡಿದ್ದೆ. ಅದು ಹೋಗದೆ ಹುಡುಗಿ ಸೀರೆಯುಡುವಂತಿಲ್ಲ. ಗಂಡನಿಗೆ ಅವತ್ತು ತೋಟದಲ್ಲಿ ಕಾಯಿ ಕೀಳಿಸುವ ಕೆಲಸ. ಕಣ್ಣು ಮಾತ್ರ ಕಾಣುವ ಹಾಗೆ ದುಪಟ್ಟಾ ಸುತ್ತಿಕೊಂಡು ಅಕ್ಕನ ಊರು ಶೆಟ್ಟಿಕೆರೆಗೆ ಹೋಗುವ ಬಸ್ಸು ಹತ್ತಿದೆ.

ಬಸ್ಸು ಕಿಕ್ಕಿರಿದಿತ್ತು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಆಧಾರ್ ಕಾರ್ಡ್ ತೋರಿಸಬೇಕಲ್ಲ. ಕಂಡಕ್ಟರ್ ಕಾರ್ಡ್ ನೋಡಿದ, ನನ್ನ ಕಣ್ಣು ನೋಡಿದ, ಮತ್ತೆ ಕಾರ್ಡ್ ನೋಡಿದ.

“ಅಕ್ಕ, ಮುಖ ತೋರ್ಸಿ.”

“ಧೂಳು ಆಗಲ್ಲ ಕಣಪ್ಪ ನಂಗೆ.”

“ಒಂದ್ಸಲ ತೋರ್ಸಿ ಮುಚ್ಕಳಿ. ಚೆಕಿಂಗ್‌ನೋರು ಬಂದ್ರೆ ನನ್ನ ಕೇಳ್ತಾರೆ.”

ತೋರಿಸಿದೆ. ಆತ “ಸರಿ ಸರಿ, ಮುಚ್ಕಳಿ,” ಎಂದು ಟಿಕೆಟ್ ಹರಿದು ಕೊಟ್ಟು ಅವಸರವಾಗಿ ಹಿಂದಕ್ಕೆ ಹೋದ. ಆದರೆ ಅಕ್ಕಪಕ್ಕದವರೆಲ್ಲ ಅಷ್ಟರಲ್ಲಿ ನೋಡಿಯಾಗಿತ್ತು. ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಕೈ ಮುಗಿದರು. ನನಗಲ್ಲ, ನನ್ನ ಮುಖಕ್ಕೆ.

“ಅಮ್ಮ ಎದ್ದವಳೆ ಕಣವ್ವ. ಇಂಥದ್ರಲ್ಲಿ ಆಚೆ ಬರ್ಬೋದಾ? ಬೇವಿನಸೊಪ್ಪು ಹಾಸ್ಕಂಡು ಮನ್ಗಾದು ಬುಟ್ಟು!”

“ಅಮ್ಮ ಅಲ್ಲ ಬುಡಿ, ಅದು ಸರ್ಪಸುತ್ತು,” ಎಂದರು ಹಿಂದಿನ ಸೀಟಿನವರು. “ಹಂದನಕೆರೇಲಿ ಒಬ್ರು ಅದ್ಕೆ ಕೆಮ್ಮಣ್ಣಲ್ಲಿ ಬರ್ದು ವಾಸಿ ಮಾಡ್ತಾರೆ. ಮೂರು ವಾರ ಹೋಗ್ಬೇಕು.”

ಸಿಡುಬೂ ಅಲ್ಲ, ಸರ್ಪಸುತ್ತೂ ಅಲ್ಲ ಎಂದು ಹೇಳಬಹುದಿತ್ತು. ಆದರೆ ಅಜ್ಜಿಯ ಪಕ್ಕದಲ್ಲಿದ್ದವರು ಮೆಲ್ಲನೆ ಎದ್ದು ಮುಂದಕ್ಕೆ ಸರಿದರು. ಅಜ್ಜಿಯೂ ಕೈಚೀಲ ಎತ್ತಿಕೊಂಡರು. ಇಬ್ಬರು ಕೂರುವ ಸೀಟು ನನ್ನೊಬ್ಬಳಿಗೇ ಸಿಕ್ಕಿತು. ಆ ಬಸ್ಸಿನಲ್ಲಿ ಅಂಥ ಸುಖ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಕಿಟಕಿ ಪಕ್ಕ ಕೂತೆ. ತೋಟ, ರಾಗಿಹೊಲ, ಮತ್ತೆ ತೋಟ. ನನ್ನ ಕಾಲು ಮಾತ್ರ ಮೆಷಿನ್ನು ತುಳಿಯುವವಳಂತೆ ಅಲ್ಲಾಡುತ್ತಲೇ ಇತ್ತು.

ಅಕ್ಕನ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಕ್ಕ ಓಡಿ ಬಂದು, “ಬಂದ್ಯಾ? ಎಲ್ಲೇ ರವಿಕೆ? ಮುಹೂರ್ತ ಮೀರ್ತಾ ಐತೆ,” ಎಂದವಳು ದುಪಟ್ಟಾ ಸರಿಸಿ ನೋಡಿ ನಿಂತುಬಿಟ್ಟಳು. ಅವಳ ಹಿಂದೆಯೇ ಅವಳ ಬೀಗಿತ್ತಿ ಬಂದರು. ಹುಡುಗಿಯ ಅತ್ತೆ. ಹಣೆ ತುಂಬ ಕುಂಕುಮ, ಗಟ್ಟಿ ದನಿ. ಅವರಿಗೆ ಒಂದು ನೋಟ ಸಾಕಾಯಿತು.

“ಬಸ್ರಿ ಇರೋ ಮನೆಗೆ ಅಮ್ಮ ಆದೋರು ಬತ್ತಾರಾ? ತುಳಸಿಕಟ್ಟೆ ದಾಟ್ಬೇಡಿ ಕಣಮ್ಮ, ಅಲ್ಲೇ ನಿಂತ್ಕಳಿ.”

ನಾನು ನಿಂತೆ. ಅವಮಾನವೇನೂ ಆಗಲಿಲ್ಲ. ಇನ್ನೂ ನಿಜ ಹೇಳುವುದಾದರೆ, ಹಾಗೇ ಇರಲಿ ಅನ್ನಿಸಿತು. ದೇವಿಯೇ ಬಂದು ಮೈಮೇಲೆ ನಿಂತಳೆಂದರೆ ಯಾರೂ ಆಡಿಕೊಳ್ಳುವುದಿಲ್ಲ. ಮೊಬೈಲಿನಲ್ಲಿ ತರಿಸಿದ ಸೀಸೆಯಿಂದ ಸುಟ್ಟುಕೊಂಡೆ ಎಂದರೆ ಇಡೀ ಸೀಮಂತಕ್ಕೆ ಅದೇ ಮಾತು. ರವಿಕೆಯ ಚೀಲವನ್ನು ಅಕ್ಕನ ಕಡೆ ಚಾಚಿದೆ. ಅದನ್ನು ಬೀಗಿತ್ತಿ ಮುಟ್ಟಗೊಡಲಿಲ್ಲ.

“ಅದೂ ಬ್ಯಾಡ. ಅಮ್ಮ ಆದೋರು ಹೊಲ್ದಿದ್ದು ಹುಡ್ಗಿ ಮೈಗೆ ತಾಗ್ಬಾರ್ದು. ಹಳೇದು ಯಾವ್ದಾದ್ರೂ ಹಾಕ್ಕಂಡು ಕೂತ್ಕಳ್ಳಿ ಬುಡಿ.”

ಹಳೆಯದಂತೆ! ಹಸಿರು ಸೀರೆಗೆ ಯಾವುದೋ ಹಳೆಯ ರವಿಕೆ! ನನಗೆ ತಡೆಯಲಾಗಲಿಲ್ಲ.

“ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ ಕಣ್ರೀ,” ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಬಂತು ದನಿ. “ಭಂಗು ಹೋಗ್ಲಿ ಅಂತ ಮುಖಕ್ಕೆ ಆ್ಯಸಿಡ್ ಹಚ್ಕಂಡೆ. ಕತೆಪುಸ್ತಕ ಓದ್ತಾ ತೊಳೆಯೋದು ಮರೆತೆ. ಅಷ್ಟೇ ಆಗಿರೋದು.”

ಶಾಮಿಯಾನದಡಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಒಳಗಿನ ಕೋಣೆಯಿಂದ ಬಸುರಿ ಹುಡುಗಿ ನಗುವುದು ಕೇಳಿಸಿತು. “ಚಿಕ್ಕಮ್ಮ, ಆ್ಯಸಿಡ್ಡಾ?” ಅಂದವಳು ಬಿಕ್ಕಳಿಕೆ ಬರುವಷ್ಟು ನಕ್ಕಳು. ಅವಳು ನಕ್ಕಿದ್ದೇ ತಡ, ಅಕ್ಕ ನಕ್ಕಳು, ಅಡುಗೆಯವರು ನಕ್ಕರು, ತೋರಣ ಕಟ್ಟುತ್ತಿದ್ದ ಭಾವ ಏಣಿಯ ಮೇಲಿಂದಲೇ ನಕ್ಕರು. ಬೀಗಿತ್ತಿ ಹತ್ತಿರ ಬಂದು, ಕತ್ತು ಚಾಚಿ, ನನ್ನ ಕೆನ್ನೆಯನ್ನು ಮೂಸಿದರು.

“ಕೊಬ್ರಿ ಎಣ್ಣೆ ವಾಸ್ನೆ ಬತ್ತದೆ. ಸರಿ, ಬನ್ನಿ ಒಳೀಕೆ.”

ರವಿಕೆ ತೋಳಿನ ಹತ್ತಿರ ಬಿಗಿಯಾಯಿತು. ಹುಡುಗಿ ಈ ನಡುವೆ ತುಂಬಿಕೊಂಡಿದ್ದಳು. ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದೆನಾದ್ದರಿಂದ ಹೊಲಿಗೆ ಬಿಚ್ಚಿ, ಅವಳ ಮೈಮೇಲೆಯೇ ಕೈಹೊಲಿಗೆ ಹಾಕತೊಡಗಿದೆ. ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಬೀಗಿತ್ತಿ. ಹೊರಗೆ ವಾದ್ಯದವರು ಶುರು ಮಾಡಿದರು. ಹುಡುಗಿ ಎರಡೂ ಕೈಯೆತ್ತಿ ನಿಂತು ಇನ್ನೂ ಸಣ್ಣಗೆ ನಗುತ್ತಲೇ ಇದ್ದಳು. ನಕ್ಕಾಗೆಲ್ಲ ಹೊಲಿಗೆ ತಪ್ಪುತ್ತಿತ್ತು. ಆಗ ಬೀಗಿತ್ತಿ ನನ್ನ ಕಿವಿಯ ಹತ್ತಿರ ಬಗ್ಗಿ, ಆ ಗಟ್ಟಿ ದನಿಯನ್ನು ಎಲ್ಲಿ ಅಡಗಿಸಿಟ್ಟರೋ, ಪಿಸುಗುಟ್ಟಿದರು:

“ಅದು ಕತ್ತಿನ ಕಪ್ಪಿಗೂ ಆಯ್ತದಾ?”

ಸೆರಗು ಸರಿಸಿ ಸರದ ಕೆಳಗೆ ತೋರಿಸಿದರು. ನಾನು ನೋಡಿದೆ. ನನ್ನ ಕೆನ್ನೆಯ ಕಲೆಗಿಂತ ಅದೇನೂ ಕಡಿಮೆಯಿರಲಿಲ್ಲ.

“ಆಯ್ತದಂತೆ. ಆದ್ರೆ ಹಚ್ಚೋವಾಗ ಪುಸ್ತಕ ಹಿಡ್ಕೋಬೇಡಿ.”

“ನಂಗೆ ಓದಕ್ಕೇ ಬರಲ್ಲ ಬುಡಿ,” ಎಂದರು ಅವರು, ಭಾರೀ ನೆಮ್ಮದಿಯಿಂದ.

ಹಸಿರು ಬಳೆ ತೊಡಿಸಿ, ಆರತಿಯೆತ್ತಿ, ಊಟಕ್ಕೆ ಎಲೆ ಹಾಕಿದರು. ಕಾಯಿಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಕಾಯಿಹಾಲು, ಕಾಯಿ ಹಾಕಿದ ಕೋಸಂಬರಿ, ಕಾಯಿ ಹಾಕಿದ ಪಲ್ಯ. ಬಿಸಿ ಸಾರಿನ ಹಬೆ ಮುಖಕ್ಕೆ ತಾಗಿ ಕಣ್ಣಲ್ಲಿ ನೀರು ಬಂತು. ಪಕ್ಕದ ಎಲೆಯವರು ನಾನು ಮಗಳಂಥವಳ ಸೀಮಂತ ನೋಡಿ ಅಳುತ್ತಿದ್ದೇನೆಂದು ಬೆನ್ನು ಸವರಿದರು. ಬೇಡವೆನ್ನಲಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಅಕ್ಕ ಉಳಿದುಕೋ ಎಂದಳು. ಉಳಿಯಲಾಗಲಿಲ್ಲ. ಸಂಜೆಯ ಬಿಸಿಲಿಗೆ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಮನೆಯ ದಾರಿ ಹಿಡಿಯಬೇಕು. ಎದುರಿಗೆ ತುರುವೇಕೆರೆಯ ಬಸ್ಸು ಹೊರಡಲು ಗುರ್ರೆನ್ನುತ್ತ ನಿಂತಿತ್ತು. ಅಲ್ಲಿ ನನಗೆ ನೆಂಟರಿಲ್ಲ, ಗಿರಾಕಿಗಳಿಲ್ಲ, ಕೆಲಸವಿಲ್ಲ. ಹತ್ತಿದೆ.

ಈ ಸಲ ಕಂಡಕ್ಟರ್ ಕೇಳುವ ಮೊದಲೇ ದುಪಟ್ಟಾ ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಕಿಟಕಿಯಿಂದ ಬೀಸುವ ಗಾಳಿ ಸುಟ್ಟ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ನೋಡುವವರು ನೋಡಿದರು. ತುರುವೇಕೆರೆಯಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಖಾರ ಮಂಡಕ್ಕಿ ಕಟ್ಟಿಸಿಕೊಂಡು ನಿಂತೇ ತಿನ್ನುತ್ತಿದ್ದೆ. ಗಂಡನ ಫೋನು ಬಂತು.

“ಎಲ್ಲಿದ್ದೀಯೇ? ಶೆಟ್ಟಿಕೆರೆ ಬಿಟ್ಟು ಆಗ್ಲೇ ಹೋದ್ಲು ಅಂದ್ರು.”

“ತುರುವೇಕೆರೇಲಿ.”

“ಅಲ್ಲೇನೇ ಕೆಲ್ಸ?”

“ಏನೂ ಇಲ್ಲ. ಮಂಡಕ್ಕಿ ತಿಂತಾ ಇದೀನಿ.”

ಆ ಕಡೆ ಕಾಯಿ ರಾಶಿ ಹಾಕುವ ದಡದಡ ಸದ್ದು ಕೇಳುತ್ತಿತ್ತು.

“ಚೆನ್ನಾಗೈತಾ?” ಎಂದು ಕೇಳಿದರು.

“ಉಪ್ಪು ಜಾಸ್ತಿ,” ಎಂದೆ. ಬಾಯಿ ತುಂಬಿತ್ತು.

“ನಂಗೂ ಒಂದು ಪೊಟ್ಣ ಕಟ್ಟಿಸ್ಕಂಡು ಬಾ,” ಎಂದು ಫೋನಿಟ್ಟರು.