ಸುಮತಿ ಚಿಕ್ಕಮ್ಮನ ಎರಡು ಕೈಯ ವಾದ್ಯಮೇಳ

ಒದ್ದೆಯಾದ ಉಣ್ಣೆಯನ್ನು ಕೆಂಡದ ಬಿಸಿಗೆ ಹಿಡಿದರೆ ಒಂದು ವಾಸನೆ ಏಳುತ್ತದೆ. ಸುಟ್ಟದ್ದೂ ಅಲ್ಲ, ಮುಗ್ಗಿದ್ದೂ ಅಲ್ಲ, ಎರಡರ ನಡುವಿನ ಬೆಚ್ಚನೆಯ ಒಂದು ಘಾಟು. ಮೊನ್ನೆ ಮೊಮ್ಮಗಳು ಬಾಣಂತಿ ಕೋಣೆಯಲ್ಲಿ ತನ್ನ ಕೂಸಿನ ಟೊಪ್ಪಿಯನ್ನು ಕೆಂಡದ ಚಟ್ಟಿಯ ಮೇಲೆ ಹಿಡಿದು ಒಣಗಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಎಣ್ಣೆಯ ಬಟ್ಟಲು ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. ಬಲ್ಮಠದ ಗುಡ್ಡದ ಇಳಿಜಾರಿನಲ್ಲಿದ್ದ ನಮ್ಮ ಹಳೆಯ ಮನೆಯ ಚಾವಡಿ, ಅಲ್ಲಿನ ಕಪ್ಪು ಪಿಯಾನೋ, ಅದರ ಕೆಳಗಿನ ಹಲಗೆ ಕಳಚಿಟ್ಟು ಕೆಂಡದ ಚಟ್ಟಿಯನ್ನು ಅಷ್ಟು ದೂರದಲ್ಲಿ ಇರಿಸಿ ಒಳಗೆ ತಂತಿಗಳನ್ನು ಬಡಿಯುವ ಉಣ್ಣೆಯ ಸುತ್ತಿಗೆಗಳ ತೇವ ಆರಿಸುತ್ತ ಕುಳಿತ ಸುಮತಿ ಚಿಕ್ಕಮ್ಮ, ಎಲ್ಲವೂ ಒಟ್ಟಿಗೇ ಬಂದವು. ನಮ್ಮ ಊರಿನ ಕಡಲ ಗಾಳಿಗೆ ಉಪ್ಪಿನಕಾಯಿಯನ್ನು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಚಿಕ್ಕಮ್ಮ ವರ್ಷವರ್ಷವೂ ಆ ಗಾಳಿಯೊಂದಿಗೆ ಹೋರಾಡಿ ತನ್ನ ಪಿಯಾನೋವನ್ನು ಉಳಿಸಿಕೊಳ್ಳುತ್ತಿದ್ದಳು.

ನಮ್ಮದು ಅಳಿಯಕಟ್ಟಿನ ಕುಟುಂಬ. ತಾಯಿಯ ಮನೆಯೇ ನಮ್ಮ ಮನೆ, ಸೋದರಮಾವನೇ ಯಜಮಾನ. ಅಪ್ಪ ಬಜಪೆಯಲ್ಲಿ ತಮ್ಮ ಗದ್ದೆ ನೋಡಿಕೊಂಡಿದ್ದು ಆಗೀಗ ಬಂದುಹೋಗುತ್ತಿದ್ದರು. ಮಾವ ಬಂದರಿನಲ್ಲಿ ಹೆಂಚು ತುಂಬುವ ಮಂಜಿಗಳ, ಅಂದರೆ ಸರಕಿನ ಹಾಯಿಹಡಗುಗಳ, ವ್ಯವಹಾರ ನೋಡುತ್ತಿದ್ದರು. ಅಜ್ಜಿ, ಅಮ್ಮ, ಅಮ್ಮನ ತಂಗಿ ಸುಮತಿ ಚಿಕ್ಕಮ್ಮ, ನಾನು, ನನ್ನ ಇಬ್ಬರು ತಮ್ಮಂದಿರು, ಇಷ್ಟೇ ಜನ. ತುಳು ಮಾತಾಡುವ ಮನೆಯೊಳಗೆ ಪಿಯಾನೋ ಬಂದದ್ದು ಹೇಗೆಂದು ನೀವು ಕೇಳಬಹುದು. ಚಿಕ್ಕಮ್ಮ ಓದಿದ ಶಾಲೆಯಲ್ಲಿ ಒಬ್ಬ ಬಿಳಿಯ ಟೀಚರು ಇದ್ದರು. ಎಲ್ಲರೂ ಅವರನ್ನು ಮಿಸ್ಸಮ್ಮ ಎನ್ನುತ್ತಿದ್ದರು. ಹುಡುಗಿಯ ಕಿವಿ ಚೆನ್ನಾಗಿದೆಯೆಂದು ಅವರೇ ಕರೆದು ಕಲಿಸಿದರು. ಆರೋಗ್ಯ ಕೆಟ್ಟು ತಮ್ಮ ದೇಶಕ್ಕೆ ಹೊರಟಾಗ ಪಿಯಾನೋವನ್ನೂ ಒಂದು ಪೆಟ್ಟಿಗೆ ಸಂಗೀತದ ಪುಸ್ತಕಗಳನ್ನೂ ಅವಳಿಗೇ ಬಿಟ್ಟುಹೋದರು. ಮಾವ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ ತಂದರಂತೆ. ಚಾವಡಿಯಲ್ಲಿ ಇಳಿಸಿದಾಗ ಅಜ್ಜಿ ಅದರ ಸುತ್ತ ಒಂದು ಬಾರಿ ನಡೆದು, ಇದಕ್ಕೆ ಹೊಟ್ಟೆ ಎಲ್ಲಿ ಉಂಟು ಎಂದು ಕೇಳಿದಳಂತೆ.

ಆ ಪುಸ್ತಕಗಳಲ್ಲಿದ್ದದ್ದು ಪಿಯಾನೋಕ್ಕೆಂದೇ ಹುಟ್ಟಿದ ಸಂಗೀತವಲ್ಲ. ದೂರದ ದೇಶಗಳಲ್ಲಿ ದೊಡ್ಡ ಸಭಾಂಗಣ ತುಂಬ ಕುಳಿತು ಹತ್ತಾರು ಜನ ಒಟ್ಟಿಗೆ ನುಡಿಸುವುದನ್ನು ಯಾರೋ ಪುಣ್ಯಾತ್ಮರು ಒಬ್ಬರ ಎರಡು ಕೈಗೆ ಇಳಿಸಿ ಬರೆದದ್ದು. ಕೆಲವು ಹಾಡುಗಳೂ ಇದ್ದವು. ಅವುಗಳ ಮಾತನ್ನು ಬಿಟ್ಟು ರಾಗವನ್ನಷ್ಟೇ ಬೆರಳಿಗೆ ಕೊಟ್ಟಿದ್ದರು. ಸಾಲುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಕೊಳಲಿನದು, ಇದು ಕೊಂಬಿನದು ಎಂದು ಅಲ್ಲಲ್ಲಿ ಮುದ್ರಿಸಿರುತ್ತಿತ್ತು. ಸಂಜೆ ದೀಪ ಹಚ್ಚುವ ಮೊದಲು ಚಿಕ್ಕಮ್ಮ ಬಾರಿಸಲು ಕುಳಿತರೆ ನಾವು ಮಕ್ಕಳು ನೆಲದ ಮೇಲೆ ಸಾಲಾಗಿ ಕೂರುತ್ತಿದ್ದೆವು. ಅವಳು ಬಾರಿಸುತ್ತಲೇ, ಈಗ ಕೊಂಬು ಬರ್ತದೆ, ಈಗ ಡೋಲು, ಎಂದು ತಲೆ ತಿರುಗಿಸದೆ ಹೇಳುವಳು. ನಮಗೆ ಕೊಂಬೆಂದರೆ ಕೋಲದ ದಿನ ದೈವಸ್ಥಾನದ ಅಂಗಳದಲ್ಲಿ ಊದುವ ಕೊಂಬು. ಡೋಲೆಂದರೆ ನಮ್ಮ ಊರಿನ ಡೋಲು. ಹಾಗಾಗಿ ನಮ್ಮ ತಲೆಯೊಳಗೆ ಒಂದು ವಿಚಿತ್ರ ಮೇಳ ತಯಾರಾಗಿತ್ತು. ಪರದೇಶದ ಆ ರಾಗವನ್ನು ಮುಂಡಾಸು ಸುತ್ತಿದ ನಮ್ಮೂರಿನವರೇ ಎಲೆಯಡಿಕೆ ಜಗಿಯುತ್ತ ಊದಿ ಬಡಿಯುತ್ತಿದ್ದರು. ಚಿಕ್ಕಮ್ಮನ ಮೇಳ ಹೇಗಿತ್ತೋ ತಿಳಿಯದು. ಅವಳೂ ನಿಜವಾದದ್ದನ್ನು ಕೇಳಿರಲಿಲ್ಲ. ಒಮ್ಮೆ ಕೇಳಬೇಕು ಎಂಬ ಒಂದು ಆಸೆ ಬಿಟ್ಟರೆ ಅವಳು ಬಾಯಿಬಿಟ್ಟು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ಬಂದ ಸಂಬಂಧಗಳನ್ನು ಒಂದೊಂದಾಗಿ ಬೇಡವೆಂದಿದ್ದಳು. ವಯಸ್ಸು ಮೂವತ್ತು ದಾಟಿತ್ತು. ಅಜ್ಜಿ ಆ ಮಾತೆತ್ತುವುದನ್ನೇ ಬಿಟ್ಟಿದ್ದಳು.

ಆಗ ಬಂದವರು ಜಯರಾಮ. ಮುಂಬಯಿಯ ಹಡಗುಕಟ್ಟೆಯಲ್ಲಿ ನಕ್ಷೆ ಬರೆಯುವ ಕೆಲಸ, ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ರಜೆಯಲ್ಲಿ ಉಳ್ಳಾಲದ ಅಕ್ಕನ ಮನೆಗೆ ಬಂದಿದ್ದರು. ಮಾವನಿಗೆ ಅವರ ಪರಿಚಯವಿತ್ತು. ಪಿಯಾನೋ ಬಾರಿಸುವ ತಂಗಿಯ ವಿಷಯವನ್ನೂ, ಅವಳ ಆಸೆಯನ್ನೂ, ಅವಳು ಹೆಚ್ಚಾಗಿ ಬಾರಿಸುವ ಕೃತಿಯ ಹೆಸರನ್ನೂ ಮಾವ ಮೊದಲೇ ತಿಳಿಸಿದ್ದರು. ಒಂದು ಭಾನುವಾರ ಜಯರಾಮ ಹೊಳೆ ದಾಟಿ, ಹೊರೆಯಾಳಿನ ತಲೆಯ ಮೇಲೆ ಗ್ರಾಮೋಫೋನು ಹೊರಿಸಿಕೊಂಡು, ಪ್ಲೇಟುಗಳ ಕಟ್ಟನ್ನು ತಾವೇ ಎದೆಗವಚಿಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಬೆಳ್ಳಗಿನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಕೊಟ್ಟ ಬೆಲ್ಲ ನೀರನ್ನು ಕುಡಿಯುವುದಕ್ಕೂ ಮೊದಲು ಅವರು ಪ್ಲೇಟುಗಳನ್ನು ಬಿಚ್ಚಿ, ಒಂದೂ ಒಡೆದಿಲ್ಲವೆಂದು ನೋಡಿ, ಉಸಿರು ಬಿಟ್ಟರು.

ಚಾವಡಿಯಲ್ಲಿ ಎಲ್ಲರೂ ಕುಳಿತೆವು. ಜಯರಾಮ ಕೀಲಿ ತಿರುಗಿಸಿ ಮುಳ್ಳನ್ನು ಇಳಿಸಿದರು. ಮೊದಲು ಹುರಿಯುವಂಥ ಸದ್ದು, ಆಮೇಲೆ ಅದರ ಹಿಂದಿನಿಂದ, ಎಲ್ಲೋ ಕೆಳಗಿನ ಬೀದಿಯಿಂದ ಬಂದ ಹಾಗೆ, ಆ ಮೇಳ. ನಮ್ಮ ಮುಂಡಾಸಿನವರು ಒಬ್ಬರೂ ಅದರಲ್ಲಿರಲಿಲ್ಲ. ಕೊಂಬು ಬಂದಾಗ ನಾವು ಮಕ್ಕಳು ಗುರುತು ಹಿಡಿಯಲಿಲ್ಲ. ಅದು ಅಷ್ಟು ಮೆತ್ತಗಿತ್ತು. ಜಯರಾಮ ಪ್ರತಿ ಸಲ ಎದ್ದು ಪ್ಲೇಟು ಮಗುಚಿ ಹಾಕುತ್ತಿದ್ದರು. ಚಿಕ್ಕಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಿಧಾನವಾದ ಭಾಗದ ನಡುವೆ ಒಮ್ಮೆಲೇ ಕಣ್ಣು ತೆರೆದು, ನಿಲ್ಲಿಸಿ ಎಂದಳು. ಜಯರಾಮ ಗಾಬರಿಯಾಗಿ ಮುಳ್ಳು ಎತ್ತಿದರು.

"ಆ ಒಳಗಿನ ದನಿ, ತಗ್ಗಿನಲ್ಲಿ ಹೋಗುವುದು, ಅದು ನನ್ನ ಪುಸ್ತಕದಲ್ಲಿ ಇಲ್ಲ," ಎಂದಳು ಚಿಕ್ಕಮ್ಮ. "ಹತ್ತು ಬೆರಳಿಗೆ ಹಿಡಿಸುವುದಿಲ್ಲ ಅಂತ ಬಿಟ್ಟಿದ್ದಾರೆ. ಇಷ್ಟು ವರ್ಷ ನಾನು ಅದು ಇಲ್ಲದೆಯೇ ಬಾರಿಸಿದ್ದು."

ಇನ್ನೊಮ್ಮೆ ಹಾಕಿಸಿ ಕೇಳಿದಳು. ಆಮೇಲೆ ಎದ್ದು ಒಳಗೆ ಹೋದಳು. ಜಯರಾಮ ಗ್ರಾಮೋಫೋನನ್ನು ನಮ್ಮಲ್ಲೇ ಬಿಟ್ಟು, ಮುಂದಿನ ಭಾನುವಾರ ಬರುತ್ತೇನೆಂದು ಮಾವನಿಗೆ ಹೇಳಿ ಇಳಿದುಹೋದರು. ಆ ವಾರ ಪಿಯಾನೋದ ಮುಚ್ಚಳ ತೆರೆಯಲಿಲ್ಲ. ಸಂಜೆಯಾದರೆ ಮನೆಯಲ್ಲಿ ಒಂದು ಖಾಲಿತನ. ಅಮ್ಮ ಹೂ ಕಟ್ಟುತ್ತ ಕಟ್ಟುತ್ತ ತಲೆಯೆತ್ತಿ ಚಾವಡಿಯ ಕಡೆ ನೋಡುವಳು. ಒಳ್ಳೆಯದು ಮಾಡಲು ಹೋಗಿ ಇದ್ದದ್ದನ್ನೂ ಕೆಡಿಸಿದೆನೋ ಎಂದು ಮಾವ ಅಜ್ಜಿಯ ಹತ್ತಿರ ಹಲುಬಿದರು. ಚಿಕ್ಕಮ್ಮ ಮಾತ್ರ ಆ ಒಂದು ಪ್ಲೇಟನ್ನು ಮತ್ತೆ ಮತ್ತೆ ಹಾಕಿಕೊಂಡು, ಗ್ರಾಮೋಫೋನಿನ ಬಾಯಿಗೆ ಕಿವಿಯಿಟ್ಟು ಕುಳಿತಿರುತ್ತಿದ್ದಳು.

ಭಾನುವಾರ ಜಯರಾಮ ಬಂದು ಕುಳಿತದ್ದೇ ಅವಳು ಹೊರಗೆ ಬಂದು, ಯಾರನ್ನೂ ನೋಡದೆ ಪಿಯಾನೋದ ಮುಂದೆ ಕುಳಿತಳು. ಅದೇ ನಿಧಾನದ ಭಾಗ. ಬಿಟ್ಟುಹೋಗಿದ್ದ ಆ ದನಿಯನ್ನು ಎಡಗೈಯ ಹೆಬ್ಬೆರಳಿನಲ್ಲಿ ಹೇಗೋ ತೂರಿಸಲು ನೋಡುತ್ತಿದ್ದಳು. ಕೆಲವು ಕಡೆ ಬಂತು, ಕೆಲವು ಕಡೆ ಎಡವಿತು. ಎಡವಿದಲ್ಲಿ ನಿಲ್ಲಿಸದೆ ಮುಂದೆ ಹೋದಳು. ಅಂದಿನಷ್ಟು ತಪ್ಪು ಬಾರಿಸಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟು ಚೆನ್ನಾಗಿ ಬಾರಿಸಿದ್ದನ್ನೂ ಕೇಳಿರಲಿಲ್ಲ.

ಮುಗಿದ ಮೇಲೆ ಜಯರಾಮ ಎದ್ದು ಪಿಯಾನೋದ ಹತ್ತಿರ ಬಂದರು. "ನನಗೆ ಸಂಗೀತ ಎಂತದೂ ಗೊತ್ತಿಲ್ಲ," ಎಂದರು. "ಆದರೆ ಪ್ಲೇಟಿಗಿಂತ ನನಗೆ ಇದೇ ಹಿಡಿಸಿತು."

"ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತೀರಿ."

"ಅಲ್ಲ. ಅದರಲ್ಲಿ ತುಂಬ ಜನ ಇದ್ದಾರೆ, ಒಬ್ಬರ ಪರಿಚಯವೂ ನನಗಿಲ್ಲ. ಇದರಲ್ಲಿ ನೀವೊಬ್ಬರೇ ಇದ್ದೀರಿ."

ಚಿಕ್ಕಮ್ಮ ಸೆರಗಿನಿಂದ ಕೈ ಒರಸಿಕೊಂಡಳು. ಮುಂಬಯಿಯಲ್ಲಿ ಇದನ್ನು ನಿಜವಾಗಿ ನುಡಿಸುವವರು ಉಂಟಾ ಎಂದು ಕೇಳಿದಳು. ಉಂಟಂತೆ, ಟಿಕೆಟು ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತೇನೆ ಎಂದರು ಜಯರಾಮ. ಬಾಗಿಲ ಹಿಂದೆ ನಿಂತಿದ್ದ ಅಜ್ಜಿ ಅಷ್ಟಕ್ಕೇ ಒಳಗೆ ಹೋಗಿ ಪಾಯಸಕ್ಕೆ ತೆಂಗಿನಕಾಯಿ ಒಡೆಸಿದಳು.

ಹೀಗೆ ಚಿಕ್ಕಮ್ಮ ಜಯರಾಮರನ್ನು ಮದುವೆಯಾಗಿ ನಮ್ಮನ್ನು ಬಿಟ್ಟು ಹೋದಳು. ಆಗ ಮುಂಬಯಿಯ ಹಡಗು ಅಳಿವೆಯ ಹೊರಗೆ ನಿಲ್ಲುತ್ತಿತ್ತು, ಬಂದರಿನಿಂದ ದೋಣಿಯಲ್ಲಿ ಹೋಗಿ ಹತ್ತಬೇಕು. ದೋಣಿ ಸಣ್ಣದಾಗುವವರೆಗೂ ನಾವು ಕಟ್ಟೆಯ ಮೇಲೆ ನಿಂತಿದ್ದೆವು. ಪಿಯಾನೋವನ್ನು ಮಂಜಿಯಲ್ಲಿ ಕಳಿಸುತ್ತೇನೆಂದು ಮಾವ ಹೇಳಿದ್ದರು. ಅದನ್ನು ಅಲ್ಲಿನ ಒಂದೇ ಕೋಣೆಯಲ್ಲಿ ಇಟ್ಟರೆ ನಾವಿಬ್ಬರೂ ಹೊರಗೆ ಮಲಗಬೇಕಾದೀತು ಎಂದು ಚಿಕ್ಕಮ್ಮ ನಕ್ಕಿದ್ದಳು. ಮರುವರ್ಷದ ಬೇಸಗೆಯಲ್ಲಿ ಅವಳು ಬಂದಾಗ, ನಿಜವಾದ ಮೇಳ ಕೇಳಿದೆಯಾ ಎಂದು ನಾವು ಮುತ್ತಿಕೊಂಡು ಕೇಳಿದೆವು. ಹೌದು, ಕೇಳಿದೆ, ತುಂಬ ಚೆಂದ ಉಂಟು ಎಂದಳು. ಅಷ್ಟೇ. ಆಮೇಲೆ ಬಾವಿಕಟ್ಟೆಯ ಹತ್ತಿರ ಅಮ್ಮನಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. "ಅಲ್ಲಿ ಹೋಗಿ ಕೂತರೆ ಕೈಗೆ ಕೆಲಸವೇ ಇಲ್ಲ, ಅಕ್ಕ. ಬೇರೆಯವರು ಅಡಿಗೆ ಮಾಡಿ ಬಡಿಸಿದ ಹಾಗೆ." ಜಯರಾಮ ಚಿಕ್ಕಪ್ಪ ಒಳ್ಳೆಯವರು, ಅವಳು ಸುಖವಾಗಿಯೇ ಇದ್ದಳು. ಆದರೂ ಆ ಮಾತನ್ನು ಹೇಳುವಾಗ ಅವಳು ತನ್ನ ಅಂಗೈಗಳನ್ನು ನೋಡಿಕೊಂಡಿದ್ದಳು.

ಯುದ್ಧದ ವರ್ಷಗಳು ಬಂದವು. ಚಿಕ್ಕಮ್ಮ ಬರುವುದು ಅಪರೂಪವಾಯಿತು. ಕೆಂಡ ಇಟ್ಟು ಕಾಯುವವರಿಲ್ಲದೆ ಪಿಯಾನೋದ ಮನೆಗಳು, ಬೆರಳಿನಿಂದ ಒತ್ತುವ ಆ ಪಟ್ಟಿಗಳು, ಒಂದೊಂದಾಗಿ ಸತ್ತವು. ಒತ್ತಿದರೆ ಮರದ ಟಕ್ಕೆಂಬ ಸದ್ದು ಮಾತ್ರ. ಅಜ್ಜಿ ಹಾಸಿಗೆ ಹಿಡಿದಾಗ ಮಾವ ತಂತಿ ಕೊಟ್ಟರು, ಚಿಕ್ಕಮ್ಮ ಬಂದಳು. ಒಂದು ಸಂಜೆ ಅಜ್ಜಿ ಅವಳನ್ನು ಹತ್ತಿರ ಕರೆದು, ಆ ದೊಡ್ಡದು ಬೇಡ, ಒಂದು ಹಾಡು ಬಾರಿಸು ಎಂದಳು. ಯಾವ ಹಾಡೆಂದು ಚಿಕ್ಕಮ್ಮನಿಗೆ ತಿಳಿಯಿತು. ಆದರೆ ಆ ಹಾಡು ಓಡಾಡುವ ಜಾಗದಲ್ಲೇ ಮನೆಗಳು ಹೆಚ್ಚು ಸತ್ತಿದ್ದವು. ಅವಳು ಬಾರಿಸತೊಡಗಿದಳು. ಮೊದಲ ಸಾಲಿನಲ್ಲೇ ರಾಗ ತುಂಡಾಯಿತು. ಕೈ ನಿಲ್ಲಿಸದೆ, ದನಿ ಬಾರದಲ್ಲಿ ತನ್ನ ಗಂಟಲಿನಿಂದ ಕೊಟ್ಟಳು. ಅದುವರೆಗೆ ಅವಳು ಹಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ದೊರಗು ದನಿ, ಮಾತಿಲ್ಲ, ಬರೀ ಸ್ವರ. ಬರಬರುತ್ತ ಗಂಟಲಿನದೇ ಹೆಚ್ಚಾಯಿತು, ಪಿಯಾನೋದ್ದು ಕಡಿಮೆಯಾಯಿತು.

ಮುಗಿದ ಮೇಲೆ ಅಜ್ಜಿ ಒಳಗಿನಿಂದ, ಅದರ ಮಾತು ಎಂತದು ಎಂದು ಕೇಳಿದಳು. ಹೊಳೆಯ ಈ ಕಡೆ ನಿಂತವನೊಬ್ಬ ದೋಣಿಯವನನ್ನು ಕರೆಯುವುದಂತೆ, ಮಿಸ್ಸಮ್ಮ ಹೇಳಿದ್ದರು ಎಂದಳು ಚಿಕ್ಕಮ್ಮ.

"ದೋಣಿ ಬಂತಾ?"

"ಅದನ್ನು ಅವರು ಹೇಳ್ಲಿಲ್ಲ, ಅಮ್ಮ."

"ಹಾಗಾದರೆ ಇನ್ನೊಮ್ಮೆ ಬಾರಿಸು."

ಮಳೆ ಹಿಡಿಯುವ ಮೊದಲೇ ಅಜ್ಜಿ ಹೋದಳು. ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಚಿಕ್ಕಮ್ಮ ಮುಂಬಯಿಗೆ ಮರಳಿದಳು. ಮತ್ತೆ ಬಂದದ್ದು ಮಾವ ತೀರಿಕೊಂಡ ಮೇಲೆ, ಮನೆ ಪಾಲಾಗುವಾಗ. ಪಿಯಾನೋ ಯಾರ ಪಾಲಿಗೂ ಬೇಡವಾಗಿ ಒಂದು ಮರದ ಮಿಲ್ಲಿಗೆ ಹೋಯಿತು. ಇಳಿಜಾರಿನ ಆ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡವಿದೆಯೆಂದು ನಾನು ಹೇಳದಿದ್ದರೂ ನಿಮಗೆ ಗೊತ್ತಾಗುತ್ತದೆ. ನಿಮ್ಮ ಮನೆಯ ಜಾಗದಲ್ಲೂ ಅದೇ ಇರಬಹುದು. ಚಿಕ್ಕಮ್ಮನೂ ಚಿಕ್ಕಪ್ಪನೂ ಒಬ್ಬರ ಹಿಂದೊಬ್ಬರು ಮುಂಬಯಿಯಲ್ಲೇ ತೀರಿಕೊಂಡರು. ಅಮ್ಮ ಹೋದಳು, ತಮ್ಮಂದಿರೂ ಹೋದರು. ಅಜ್ಜಿಗಾಗಿ ಬಾರಿಸಿದ ಆ ಸಂಜೆ ಚಾವಡಿಯಲ್ಲಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳು. ಆ ಹಾಡನ್ನು ಗುನುಗಲು ಎಷ್ಟೋ ಸಲ ನೋಡಿದ್ದೇನೆ, ಬರುವುದಿಲ್ಲ. ನನಗೆ ಚಿಕ್ಕಮ್ಮನ ಕಿವಿ ಇಲ್ಲ. ರಾಗ ಪೂರಾ ಮರೆತುಹೋಗಿದೆ. ಹಾಡುತ್ತ ಹಾಡುತ್ತ ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಂಡಳು ಎಂಬುದು ಮಾತ್ರ ನೆನಪಿದೆ.