ಎದುರು ಬೆಂಚಿನ ನೀರು

ಸಣ್ಣ ಲೀಗಿನ ಬಾಸ್ಕೆಟ್‌ಬಾಲ್ ತಂಡವೊಂದು ಉಳಿಯಬೇಕಾದರೆ ದುಡ್ಡು ಹಾಕುವವರು ಬೇಕು, ಚಪ್ಪಾಳೆ ತಟ್ಟುವ ಜನ ಬೇಕು, ಆರಡಿ ಮೀರಿದ ಆಟಗಾರರು ಬೇಕು. ಕೇಳಿದವರೆಲ್ಲ ಹೇಳುವುದು ಇಷ್ಟೇ. ನನಗೆ ಈ ವಾದ ಒಪ್ಪಿಗೆಯಿಲ್ಲ. ಒಪ್ಪದಿರುವುದು ನನ್ನ ಹಳೆಯ ಚಟ. ಕಾಲೇಜನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು, ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದರೂ ಪುರಾವೆ ಕೇಳುತ್ತೇನೆ. ಆದರೆ ಈ ಸಲ ನನ್ನ ಬಳಿಯಿರುವ ಪುರಾವೆ ಒಂದು ಖಾಲಿ ಬಾಟಲಿ ಮಾತ್ರ.

ನನ್ನ ಸೋದರಮಾವ ಶೀನುಮಾಮಾ ಗದಗಿನವರು. ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಉಳಿದ ಹೊತ್ತೆಲ್ಲ ಅಲ್ಲಿನ ಕೆಲಸಗಾರ ಹುಡುಗರ ತಂಡದ ಮ್ಯಾನೇಜರು. ಮುಚ್ಚಿಹೋದ ಘಟಕದ ತಗಡಿನ ಶೆಡ್ಡೇ ಅವರ ಅಂಗಳ. ಅಲ್ಲಿ ಚೆಂಡು ನೆಲಕ್ಕೆ ಬಡಿದ ಸದ್ದು ತುಸು ತಡೆದು ಆ ತುದಿಯಿಂದ ಮತ್ತೊಮ್ಮೆ ಬರುತ್ತದೆ, ಬೇರೆ ಯಾರೋ ಆಡುತ್ತಿರುವ ಹಾಗೆ.

ಒಂದು ಭಾನುವಾರ ಗಡಿಯಾರ ನೋಡುವವರು ಬರಲಿಲ್ಲವೆಂದು ಮಾಮಾ ನನ್ನನ್ನು ಊರಿನ ಇನ್ನೊಂದು ತುದಿಯ ಕೋಥರೂಡಿನಿಂದ ಕರೆಸಿಕೊಂಡರು. ಚರ್ಚೆಗಳಲ್ಲಿ ಗಂಟೆ ಹೊಡೆದದ್ದೇ ನನ್ನ ಅರ್ಹತೆ. ಎದುರಾಳಿ ತಂಡ ಹದಿನೈದು ದಿನದ ಹಿಂದೆಯೇ ಮುಚ್ಚಿಹೋಗಿತ್ತು. ವೇಳಾಪಟ್ಟಿಯಲ್ಲಿ ಮಾತ್ರ ಹೆಸರು ಉಳಿದಿತ್ತು. ಅಂಥವರನ್ನು ಗೆಲ್ಲುವುದಕ್ಕೂ ನಿಯಮವಿದೆ. ಹದಿನೈದು ನಿಮಿಷ ಕಾಯಬೇಕು, ಆಮೇಲೆ ರೆಫರಿ ಎಣಿಸುವಾಗ ನಮ್ಮವರು ಐವರು ಅಂಗಳದಲ್ಲಿರಬೇಕು. ಇಲ್ಲದಿದ್ದರೆ ನಾವೂ ಗೈರು. ಹಿಂದೊಮ್ಮೆ ಗೈರಾಗಿದ್ದೆವು, ಇನ್ನೊಮ್ಮೆ ಆದರೆ ಲೀಗಿನಿಂದಲೇ ಹೊರಗೆ. ನಾಲ್ಕು ಗಂಟೆಗೆ ಬಂದಿದ್ದವರು ನಾಲ್ವರು. ಐದನೆಯವ, ಒಂಬತ್ತನೇ ನಂಬರಿನ ವೀರೇಶ, ಸ್ವಾರಗೇಟಿನಿಂದ ಹೊರಟ ಬಸ್ಸಿನಲ್ಲಿದ್ದ.

ಮಾಮಾ ಮಾತ್ರ ಎದುರು ಬೆಂಚಿನ ಮೇಲೆ ಐದು ನೀರಿನ ಬಾಟಲಿ, ಐದು ಟವೆಲ್ ಜೋಡಿಸುತ್ತಿದ್ದರು.

"ಮಾಮಾ, ಆ ತಂಡನ ಇಲ್ಲ. ನೀರು ಯಾರಿಗೆ?"

"ಇಲ್ಲ ಅಂತ ನಾವ್ಯಾಕ ಹೇಳೂದು? ಪಟ್ಟಿಯೊಳಗ ಹೆಸರು ಅದ. ಬಂದ್ರ ನೀರು ಕೇಳ್ತಾರ."

"ಮುಚ್ಚಿದ ತಂಡ ಹೆಂಗ ಬರ್ತದ?"

"ಭಾಳ ವಾದ ಮಾಡ್ತಿ ಬಿಡವಾ ನೀ. ಗಡಿಯಾರ ನೋಡು."

ನೋಡಿದೆ. ಗಂಟೆ ಹೊಡೆಯುವವರು ಮುಖ ನೋಡಬಾರದು; ನೋಡಿದರೆ ಕರುಣೆ ಬಂದು ಹತ್ತು ಸೆಕೆಂಡು ಜಾಸ್ತಿ ಕೊಟ್ಟುಬಿಡುತ್ತೇವೆ. ಮಾಮಾ ಮೈಕಿನಲ್ಲಿ ಆ ತಂಡದ ಹೆಸರುಗಳನ್ನು ನಂಬರು ಸಮೇತ ಕರೆದರು, ಪ್ರತಿ ಹೆಸರಿಗೂ ಒಬ್ಬ ಎದ್ದು ಬರುವಷ್ಟು ಬಿಡುವು ಕೊಟ್ಟು. ಆ ತುದಿಯಿಂದ ಹೆಸರುಗಳು ತಿರುಗಿ ಬಂದವು; ಗಡಿಯಾರದಲ್ಲೇ ಮುಳುಗಿದ್ದ ನಾನು ಯಾವುದನ್ನೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಹದಿನಾಲ್ಕನೇ ನಿಮಿಷದಲ್ಲಿ ತಲೆಯೆತ್ತಿದೆ. ಅಂಗಳದಲ್ಲಿ ಐದು ಬೆನ್ನುಗಳು. ಟ್ಯೂಬ್‌ಲೈಟಿನ ಮಂಕಿನಲ್ಲಿ ಜರ್ಸಿಗಳ ಬಣ್ಣ ತಿಳಿಯಲಿಲ್ಲ. ಕೊನೆಯದರ ಮೇಲೆ ಒಂಬತ್ತು ಎಂದಿತ್ತು. ಸದ್ಯ, ವೀರೇಶ ಬಂದ, ಅಂದುಕೊಂಡೆ.

ರೆಫರಿ ಬೆರಳು ಮಡಚಿ ಎಣಿಸಿದರು. "ಪಾಚ್ ಆಹೇತ್. ಝಾಲಂ!" ಐವರಿದ್ದಾರೆ, ಮುಗಿಯಿತು. ಸೀಟಿ. ಆಡದೆಯೇ ಗೆಲುವು: ಇಪ್ಪತ್ತು, ಸೊನ್ನೆ. ಹಾಳೆಗೆ ಸಹಿ ಬಿತ್ತು. ತಂಡ ಉಳಿಯಿತು.

ರೆಫರಿಯ ಬೈಕಿನ ಸದ್ದು ಕರಗುವ ಮೊದಲೇ ವೀರೇಶ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. "ಬಸ್ ಕೆಟ್ಟಿತ್ರಿ ಮಾಮಾ. ಎಲ್ಲಾ ಹೋತೇನ್ರಿ?" ಚೀಲದೊಳಗೆ ಅವನ ಜರ್ಸಿ ಇಸ್ತ್ರಿಯ ಮಡಿಕೆ ಮುರಿಯದೆ ಇತ್ತು.

"ನಮ್ಮ ಹಿಂದ ನಿಂತಿದ್ದೆಲ್ಲೋ ಮಗನ!" ಎಂದ ನಾಲ್ವರಲ್ಲೊಬ್ಬ. ಉಳಿದ ಮೂವರು ತಿರುಗಿ ನೋಡಿದರು; ಹಿಂದೆ ಯಾರೂ ಇರಲಿಲ್ಲ.

ಮನಸ್ಸಿನಲ್ಲೇ ವಾದ ಹೂಡಿದೆ. ಮುಚ್ಚಿದ ತಂಡದ ಯಾವನೋ ಅಭ್ಯಾಸಬಲದಿಂದ ಬಂದಿರಬಹುದು, ನಮ್ಮಲ್ಲೊಬ್ಬ ಕಡಿಮೆಯೆಂದು ಕಂಡು ಸೇರಿಕೊಂಡಿರಬಹುದು. ಸರಿ. ಆದರೆ ಶೆಡ್ಡಿಗಿರುವುದು ಒಂದೇ ಬಾಗಿಲು, ಅದು ನನ್ನ ಮೇಜಿಗೆ ತಾಗಿಕೊಂಡೇ ಇದೆ. ಯಾರೂ ಒಳಗೆ ಬಂದಿರಲಿಲ್ಲ. ರೆಫರಿಯ ಹೊರತು ಯಾರೂ ಹೊರಗೆ ಹೋಗಿರಲಿಲ್ಲ. ಇದಕ್ಕೆ ಇನ್ನೂ ಪ್ರತಿವಾದ ಸಿಕ್ಕಿಲ್ಲ. ಈಗ ಯಾರಾದರೂ ತಂಡ ಉಳಿಯಲು ಏನು ಬೇಕು ಎಂದು ಕೇಳಿದರೆ, ಬರುವವರು ಯಾರೆಂದು ಕೇಳದೆ ನೀರು ಇಡುವವರು ಬೇಕು ಎನ್ನುತ್ತೇನೆ. ದುಡ್ಡು, ಚಪ್ಪಾಳೆ ಆಮೇಲೆ.

ಮಾಮಾ ಎದುರು ಬೆಂಚಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದರು. ನಾಲ್ಕಕ್ಕೆ ಸೀಲು ಹಾಗೇ ಇತ್ತು. ಐದನೆಯದು ಖಾಲಿ, ಪಕ್ಕದ ಟವೆಲ್ ಒದ್ದೆ. ಅವರು ಟವೆಲನ್ನು ಹಿಂಡಿ, ಬೆಂಚಿನ ಮೇಲೆ ಹರವಿ, ಅಂಗೈಯಿಂದ ಸುಕ್ಕು ಬಿಡಿಸತೊಡಗಿದರು.

"ಮಾಮಾ, ಅವರ ಪಟ್ಟಿಯೊಳಗ ಒಂಬತ್ತನೇ ನಂಬರಿನಂವ ಯಾಂವ ಇದ್ದ?"