ಸಂಕದ ಮೇಲೆ ನಿಂತ ನೀರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವ ನಾನು. ಸತ್ತವರು ಕುಲೆಯಾಗಿ ಬಂದರು, ಬಾಗಿಲು ತಟ್ಟಿದರು ಎಂದು ಹೇಳುವವರಿಗೆ ನಮ್ಮ ಕಡೆ ಬರವಿಲ್ಲ. ಅಂಥವರನ್ನು ಕೂರಿಸಿ, ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ, ಬೆವರಿಳಿಸಿ ಕಳಿಸಿದ್ದೇನೆ. ಈಗ ನಾನೇ ಒಂದು ಹೇಳಲು ಹೊರಟಿದ್ದೇನೆ. ನೀವು ನಂಬಲೇಬೇಕು ಅಂತ ಏನೂ ಇಲ್ಲ. ಹೆದರುವಂಥದ್ದು ಇದರಲ್ಲಿ ಕಡಿಮೆ, ಹೇಸಿಗೆಪಡುವಂಥದ್ದು ಬೇಕಷ್ಟುಂಟು.

ನಮ್ಮೂರಿನ ಶೀನಣ್ಣ ನೇವಿಯಲ್ಲಿ ಹದಿನೈದು ವರ್ಷ ಹಡಗಿನ ರಿಪೇರಿ ಕೆಲಸ ಮಾಡಿ ಬಂದವರು. ಬಂದ ಮೇಲೆ ಕಟ್ಟಡದ ಕಂಟ್ರಾಕ್ಟು ಹಿಡಿದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲೆಲ್ಲ ಅವರು ಕಟ್ಟಿದ ಮನೆಗಳುಂಟು. ಆದಿತ್ಯವಾರ ಮಾತ್ರ ಊರಿನ ಕೆಲಸ. ಶಾಲೆಯ ಪಾಯಿಖಾನೆ, ಬಸ್ಸಿನ ತಂಗುದಾಣ, ಸ್ಮಶಾನದ ಶೆಡ್ಡು ಎಲ್ಲ ಅವರು ಮುಂದೆ ನಿಂತು ಶ್ರಮದಾನದಲ್ಲಿ ಮಾಡಿಸಿದ್ದು. ಬೆಳಿಗ್ಗೆ ಆರು ಅಂದರೆ ಆರು. ಹತ್ತು ನಿಮಿಷ ತಡವಾಗಿ ಹೋದವನ ಕೈಗೆ ಹಾರೆ ಕೊಡುತ್ತಿರಲಿಲ್ಲ. "ಹಡಗು ಹೋಯ್ತು ಮಾರಾಯ, ಮುಂದಿನ ವಾರ ಬಾ" ಎನ್ನುತ್ತಿದ್ದರು. ನನ್ನನ್ನೂ ಎರಡು ಸಲ ಹಾಗೆ ವಾಪಸು ಕಳಿಸಿದ್ದಾರೆ.

ಅವರು ಕೊನೆಯದಾಗಿ ಕೈಹಾಕಿದ್ದು ಕಾಲುಸಂಕಕ್ಕೆ, ಅಂದರೆ ಹೊಳೆ ದಾಟುವ ಕಾಲುಸೇತುವೆಗೆ. ನಮ್ಮೂರು ಕಕ್ಕಿಂಜೆಯಿಂದ ಒಳಗೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆ ದಡದ ಮಕ್ಕಳಿಗೆ ಶಾಲೆ ಇಲ್ಲ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿ ಶೀನಣ್ಣ "ನಾವೇ ಕಟ್ಟುವ" ಎಂದರು. ಒಂದು ಸಮಿತಿ ಆಯಿತು. ನಾನು ಕಾರ್ಯದರ್ಶಿ. ಏಪ್ರಿಲ್ ತಿಂಗಳ ಒಂದು ಆದಿತ್ಯವಾರ ಊರಿನವರೆಲ್ಲ ಸಾಲಾಗಿ ನಿಂತು ಬುಟ್ಟಿ ದಾಟಿಸಿ ಸ್ಲ್ಯಾಬ್ ಹಾಕಿ ಮುಗಿಸಿದೆವು.

ಸ್ಲ್ಯಾಬ್ ಹಾಕಿದ ಮರುದಿನದಿಂದ ನಿಜವಾದ ಕೆಲಸ ಎಂದು ಶೀನಣ್ಣ ಹೇಳುತ್ತಿದ್ದರು. ಅಂಚಿಗೆ ನಾಲ್ಕು ಬೆರಳು ಎತ್ತರದ ಸಿಮೆಂಟಿನ ಕಟ್ಟೆ ಕಟ್ಟಿ, ಮೇಲೆ ನೀರು ನಿಲ್ಲಿಸಬೇಕು. ಇಪ್ಪತ್ತೊಂದು ದಿನ ಅದು ಒಣಗಬಾರದು. ಒಣಗಿದರೆ ಬಿರುಕು. ಬಿರುಕು ಬಿಟ್ಟ ಸಂಕದ ಮೇಲೆ ಮಕ್ಕಳನ್ನು ಕಳಿಸುವುದು ಹೇಗೆ? ಅಲ್ಲಿ ಕರೆಂಟಿಲ್ಲ, ಪಂಪಿಲ್ಲ. ಹೊಳೆ ಬತ್ತಿ ಒಂದು ಗುಂಡಿಯಷ್ಟು ನೀರು ಉಳಿದಿತ್ತು. ಅದರಿಂದ ಬೆಳಿಗ್ಗೆ ಸಂಜೆ ಕೊಡಪಾನದಲ್ಲಿ ಹೊತ್ತು ತಂದು ಸುರಿಯಬೇಕು. ಐದು ದಿನ ಅವರೇ ಸುರಿದರು. ಅರವತ್ತೈದು ದಾಟಿದ ಮನುಷ್ಯ! ಸಮಿತಿಯ ನಾವೆಲ್ಲ ಏನು ಮಾಡುತ್ತಿದ್ದೆವು ಅಂತ ಕೇಳಬೇಡಿ. ಆರನೇ ದಿನ ಎದೆ ಹಿಡಿದುಕೊಂಡು ಅಲ್ಲೇ ಕೂತರು.

ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಅವತ್ತೇ ಸಂಜೆ ನಾನು ನೋಡಲು ಹೋದೆ. ಕೈ ಹಿಡಿದುಕೊಂಡು ಒಂದೇ ಮಾತು: "ಮಾಸ್ಟ್ರೇ, ನೀರು ಒಂದು ನೋಡಿಕೊಳ್ಳಿ."

"ಅದರ ಚಿಂತೆ ಬಿಡಿ ಶೀನಣ್ಣ, ನಾನುಂಟಲ್ಲ" ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು!

ಎರಡು ದಿನ ಕಳೆದು ಅವರು ತೀರಿಕೊಂಡರು. ಆಮೇಲೆ ನಮ್ಮ ಸಮಿತಿಗೆ ಬಂದ ಹುರುಪು ನೋಡಬೇಕಿತ್ತು. ಒಂದು ದಿನವೂ ಬುಟ್ಟಿ ಮುಟ್ಟದವರು ಶ್ರದ್ಧಾಂಜಲಿ ಸಭೆಗೆಂದು ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟುಕೊಂಡರು. ಫ್ಲೆಕ್ಸಿನಲ್ಲಿ ಯಾರ ಫೋಟೋ ಎಲ್ಲಿ ಬರಬೇಕು ಎಂದು ಎರಡು ಸಂಜೆ ಜಗಳ. ಸತ್ತವರ ಫೋಟೋ ಸಣ್ಣದಾಯಿತು, ಸಮಿತಿಯ ಅಧ್ಯಕ್ಷರದ್ದು ದೊಡ್ಡದಾಯಿತು. ಥೂ, ನೆನೆಸಿದರೆ ಈಗಲೂ ವಾಕರಿಕೆ ಬರುತ್ತದೆ. ನಾನೇನು ಕಡಿಮೆಯೇ? ನುಡಿನಮನ ಬರೆಯುವ ಜವಾಬ್ದಾರಿ ನನ್ನದು ಎಂದು ಎದೆಯುಬ್ಬಿಸಿ ಕೂತು, ಒಳ್ಳೊಳ್ಳೆ ಶಬ್ದ ಹುಡುಕುತ್ತಿದ್ದೆ. ಏಳೆಂಟು ದಿನ ಹೀಗೇ ಹೋಯಿತು. "ಈ ಕಾಲುಸಂಕವೇ ಅವರ ಬಾಳಿನ ಕೊನೆಯ ಕಾಣಿಕೆ" ಎಂದು ಬರೆದ ಮೇಲೆ ಪೆನ್ನು ನಿಂತಿತು. ನೀರು!

ಆಗ ಮಧ್ಯಾಹ್ನ ಹನ್ನೆರಡು. ಊಟಕ್ಕೂ ಕೂರದೆ ಓಡಿದೆ. ಆ ಬಿಸಿಲಿಗೆ ಒಂಬತ್ತು ದಿನ ಒಣಗಿದ ಸ್ಲ್ಯಾಬ್ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಒಂದೊಂದು ಬಿರುಕೂ ಕಣ್ಣ ಮುಂದೆ ಬರುತ್ತಿತ್ತು. ಬೆವರು ಸುರಿಸಿಕೊಂಡು ಸಂಕ ಹತ್ತಿದರೆ, ಈಚೆ ತುದಿಯಿಂದ ಆಚೆ ತುದಿಯವರೆಗೆ ನೀರು ನಿಂತಿತ್ತು. ಕಟ್ಟೆಯ ಅಂಚಿನ ತನಕ, ತುಂಬಿ.

ಮೊದಲು ಸಮಾಧಾನವಾಯಿತು, ಯಾರೋ ಪುಣ್ಯಾತ್ಮ ಹಾಕಿದ್ದಾನೆ ಎಂದು. ಬಗ್ಗಿ ಕೈ ಅದ್ದಿದೆ. ನೀರು ತಣ್ಣಗಿತ್ತು. ಆ ಹೊತ್ತಿಗೆ ಅಲ್ಲಿ ನಿಂತ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿಯಿರಬೇಕು. ಇದು ಈಗಷ್ಟೇ ಬಾವಿಯಿಂದ ಸೇದಿದ ಹಾಗೆ ಇತ್ತು. ಆಮೇಲೆ ದಾರಿ ನೋಡಿದೆ. ಗುಂಡಿಯಿಂದ ಸಂಕದವರೆಗೆ ಎಲ್ಲೂ ಒಂದು ಹನಿ ಚೆಲ್ಲಿದ ಗುರುತಿಲ್ಲ. ಧೂಳು ಹಾಗೆಯೇ ಇತ್ತು, ಮೂಡಿದ್ದು ನನ್ನ ಹೆಜ್ಜೆ ಮಾತ್ರ. ಶೀನಣ್ಣನ ಎರಡು ಕೊಡಪಾನ ಮರದ ಬುಡದಲ್ಲಿದ್ದವು. ಎರಡರ ಬಾಯಿಗೂ ಜೇಡ ಬಲೆ ಕಟ್ಟಿತ್ತು.

ಆ ದಾರಿ ಶುರುವಾಗುವಲ್ಲಿ ಹಮೀದ್ ಬ್ಯಾರಿಯವರ ಅಂಗಡಿ. ಅವರ ಕಣ್ಣು ತಪ್ಪಿಸಿ ಹೊಳೆಗೆ ಬೆಕ್ಕೂ ಹೋಗುವುದಿಲ್ಲ. ಕೇಳಿದೆ.

"ಇಲ್ಲ ಮಾಸ್ಟ್ರೇ, ಶೀನಣ್ಣ ಹೋದ ಮೇಲೆ ಈ ದಾರಿಯಲ್ಲಿ ಒಬ್ಬರನ್ನೂ ನೋಡ್ಲಿಲ್ಲ" ಎಂದರು. "ನಾನಾದ್ರೂ ಹೋಗುವ ಅಂದ್ರೆ ಈ ಮಂಡಿ ಬಿಡುವುದಿಲ್ಲ. ಸಮಿತಿಯವರು ಇಷ್ಟು ಜನ ಉಂಟಲ್ಲ, ನಾಚಿಕೆ ಆಗುವುದಿಲ್ಲವಾ?"

"ಮಳೆ ಏನಾದರೂ..."

"ಎಲ್ಲಿಯ ಮಳೆ? ನನ್ನ ಬಾವಿಯೇ ಬತ್ತಿದೆ."

ಆಚೆ ದಡದ ಮನೆಗಳಲ್ಲಿ ಕೇಳಿದೆ. ಶಾಲೆಯಲ್ಲಿ ಕೇಳಿದೆ. ಯಾರೂ ಹಾಕಿಲ್ಲ. ಸಮಿತಿಯವರನ್ನು ಕೇಳಿದರೆ ಒಬ್ಬೊಬ್ಬರೂ "ನೀವು ಹಾಕ್ತಾ ಇದ್ದೀರಿ ಅಂತ ನಾವು ಅಂದುಕೊಂಡದ್ದು" ಎಂದರು. ಅವತ್ತು ಸಂಜೆಯಿಂದ ನಾನೇ ಹೊತ್ತೆ. ಎರಡನೇ ದಿನಕ್ಕೆ ಹೆಗಲು ಬಾತಿತು. ಬೆಳಿಗ್ಗೆ ತುಂಬಿಸಿದ್ದು ಸಂಜೆಗೆ ಅರ್ಧಕ್ಕೆ ಇಳಿಯುತ್ತಿತ್ತು, ನಾನು ಹೊತ್ತ ಒಂದು ದಿನವೂ ಮಧ್ಯಾಹ್ನ ಅದು ತಣ್ಣಗಿರಲಿಲ್ಲ. ಇಪ್ಪತ್ತೆರಡನೇ ದಿನ ಸ್ಲ್ಯಾಬಿಗೆ ಕೆಳಗಿನಿಂದ ಆಧಾರ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದರು. ಪರಿಚಯದ ಒಬ್ಬ ಇಂಜಿನಿಯರು ಕೆಳಗೂ ಮೇಲೂ ನೋಡಿ, ಸುತ್ತಿಗೆಯಲ್ಲಿ ಬಡಿದು, "ಒಂದು ದಿನವೂ ಬಿಡದೆ ನೀರು ಹಾಕಿದ್ದೀರಿ, ಕೂದಲೆಳೆಯಷ್ಟೂ ಬಿರುಕಿಲ್ಲ" ಎಂದರು.

ಅದನ್ನೇ ಅಧ್ಯಕ್ಷರು ಉದ್ಘಾಟನೆಯ ದಿನ ಮೈಕಿನಲ್ಲಿ ಹೇಳಿದರು. ಶೀನಣ್ಣನಿಗೆ ಕೊಟ್ಟ ಮಾತಿನಂತೆ ನಮ್ಮ ಮಾಸ್ಟ್ರು ಒಂದು ದಿನವೂ ತಪ್ಪಿಸದೆ ನೀರು ಹೊತ್ತರು ಎಂದು. ಸಭೆ ಚಪ್ಪಾಳೆ ತಟ್ಟಿತು. ಹಮೀದ್ ಬ್ಯಾರಿಯವರು ಮಾತ್ರ ಕೈ ಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಹೋಗಿ, ತಲೆ ಬಗ್ಗಿಸಿ ಶಾಲು ಹೊದೆಸಿಕೊಂಡೆ. ಛೀ! ಬೇರೆಯವರ ಫ್ಲೆಕ್ಸಿಗೆ ಮೂಗು ಮುರಿದವ ನಾನು.

ವೇದಿಕೆ ಇಳಿಯುವಾಗ ಶೀನಣ್ಣನ ಹೆಂಡತಿ ಗಿರಿಜಕ್ಕ ಹತ್ತಿರ ಬಂದರು. ಕಣ್ಣು ತುಂಬಿತ್ತು, ಮುಖದಲ್ಲಿ ನಗುವೂ ಇತ್ತು.

"ಒಂದು ಹೇಳ್ತೇನೆ ಮಾಸ್ಟ್ರೇ, ಬೇಜಾರು ಮಾಡಬೇಡಿ. ಅವತ್ತು ನೀವು ಆಸ್ಪತ್ರೆಯಿಂದ ಹೋದ ಮೇಲೆ ಇವರು ಏನು ಹೇಳಿದ್ದು ಗೊತ್ತುಂಟಾ? 'ಮಾಸ್ಟ್ರು ಪಾಪ ಮರೆಯುವ ಜನ. ಅವರು ಮರೆತರೆ ನಾನೇ ಹಾಕಿ ಬರ್ತೇನೆ' ಅಂತ. ನಾನು ಚೆನ್ನಾಗಿ ಬೈದೆ. ಅಂಥವರಲ್ಲ ಅವರು, ನೀವು ಸುಮ್ಮನೆ ಮಲಗಿ ಅಂದೆ. ಅದೇ ಅವರ ಕೊನೆ ಮಾತು. ನಾನು ಹೇಳಿದ್ದೇ ಸರಿಯಾಯ್ತಲ್ಲ ಮಾಸ್ಟ್ರೇ? ನೀವು ಮರೆಯಲಿಲ್ಲ ಅಲ್ವಾ?"

ಆ ನೀರು ಯಾರು ಹಾಕಿದ್ದು, ಹೇಗೆ ಬಂತು, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ವಿಜ್ಞಾನವನ್ನೆಲ್ಲ ಕೆದಕಿ ನೋಡಿದ್ದೇನೆ, ಉತ್ತರ ಸಿಕ್ಕಿಲ್ಲ. ಗಿರಿಜಕ್ಕನಿಗೆ ನಾನು ಕೊಟ್ಟ ಉತ್ತರ ಮಾತ್ರ ನೆನಪುಂಟು.

"ಇಲ್ಲಕ್ಕ, ಮರೆಯಲಿಲ್ಲ" ಎಂದೆ.